ಖಾದರಸಾಬರಿಗೆ ಸಕ್ಕರೆ ಇಲ್ಲ

ಹೆದರಿಕೆಯಲ್ಲಿ ಎರಡು ಜಾತಿ. ತಪ್ಪು ಮಾಡಿದವರ ಹೆದರಿಕೆ ಒಂದು, ಮಾಡದವರದು ಇನ್ನೊಂದು. ನನ್ನ ಅನುಭವದ ಮಟ್ಟಿಗೆ ಎರಡನೆಯದೇ ಕೆಟ್ಟದ್ದು. ತಪ್ಪು ಮಾಡಿದವನಿಗೆ ತಾನು ಏನನ್ನು ಮುಚ್ಚಿಡಬೇಕು ಎನ್ನುವುದಾದರೂ ಗೊತ್ತಿರುತ್ತದೆ. ಅದೊಂದನ್ನು ಮುಚ್ಚಿಟ್ಟು, ಉಂಡು ಮಲಗುತ್ತಾನೆ. ತಪ್ಪು ಮಾಡದವನು ಏನು ಮುಚ್ಚಿಡಬೇಕೆಂದು ತಿಳಿಯದೆ ಮನೆಯೆಲ್ಲ ಹುಡುಕುತ್ತಾನೆ. ನಾನು ಹುಟ್ಟಿನಿಂದಲೇ ಈ ಎರಡನೆಯ ಜಾತಿಯವನು. ಶಾಲೆಯಲ್ಲಿ ಯಾರೋ ಕಿಟಕಿಯ ಗಾಜು ಒಡೆದರೆ, ಮಾಸ್ತರರು ಬಾಯಿ ತೆರೆಯುವ ಮೊದಲೇ ನನ್ನ ಮುಖ ಬಿಳಿಚಿಕೊಳ್ಳುತ್ತಿತ್ತು, ಏಟೂ ನನಗೇ ಬೀಳುತ್ತಿತ್ತು. ಈಗಲೂ ರಸ್ತೆಯಲ್ಲಿ ಪೊಲೀಸರು ಕಂಡರೆ, ತಲೆಯ ಮೇಲೆ ಹೆಲ್ಮೆಟ್, ಕಿಸೆಯಲ್ಲಿ ಲೈಸೆನ್ಸ್ ಎರಡೂ ಇದ್ದರೂ ನನ್ನ ಸ್ಕೂಟರ್ ತಾನಾಗಿ ಪಕ್ಕದ ಓಣಿಗೆ ಹೊರಳುತ್ತದೆ. ಇಂಥವನು ಬಟ್ಟೆ ಅಂಗಡಿಯನ್ನೋ ಪಾತ್ರೆ ಅಂಗಡಿಯನ್ನೋ ಇಟ್ಟುಕೊಂಡು ಸುಖವಾಗಿರಬೇಕಿತ್ತು. ಹಣೆಬರಹ, ಹಳೇ ಹುಬ್ಬಳ್ಳಿಯಲ್ಲಿ ಔಷಧ ಅಂಗಡಿ ಇಟ್ಟೆ. ಅದೂ ಸಾಲದೆಂದು, ಸರ್ಕಾರದ ಆರೋಗ್ಯ ವಿಮೆಯ ಕಾರ್ಡು ಇದ್ದವರಿಗೆ ಔಷಧ ಕೊಡುವ ಅಂಗಡಿಗಳ ಪಟ್ಟಿಯಲ್ಲಿ ಹೆಸರನ್ನೂ ಬರೆಸಿಕೊಂಡೆ.

ವ್ಯವಸ್ಥೆ ಒಳ್ಳೆಯದೇ. ಕಾರ್ಡಿನವರು ಡಾಕ್ಟರ ಚೀಟಿ ತಂದರೆ ನಾನು ಗುಳಿಗೆ ಕೊಡಬೇಕು, ಹಣವನ್ನು ಆಮೇಲೆ ಸರ್ಕಾರ ಕೊಡುತ್ತದೆ. ಕೇಳಲಿಕ್ಕೆ ಇಷ್ಟೇ. ಆದರೆ ಗುಳಿಗೆ ಕೊಡುವುದಕ್ಕೆ ಹಿಡಿಯುವುದು ಕಣ್ಣು ಮುಚ್ಚಿ ತೆಗೆಯುವಷ್ಟು ಹೊತ್ತು. ಕೊಟ್ಟಿದ್ದೇನೆ ಎಂದು ಸರ್ಕಾರವನ್ನು ನಂಬಿಸುವುದಕ್ಕೆ ಮಧ್ಯಾಹ್ನವಾಗುತ್ತದೆ. ಚೀಟಿಯ ಫೋಟೋ ತೆಗೆದು ಕಂಪ್ಯೂಟರಿಗೆ ಏರಿಸಬೇಕು. ಅದರಲ್ಲಿ ಡಾಕ್ಟರ ಸಹಿ, ಸಿಕ್ಕಾ ಎರಡೂ ಕಾಣಬೇಕು. ಗುಳಿಗೆಯ ಬ್ಯಾಚ್ ನಂಬರು, ಅದು ಕೆಡುವ ತಾರೀಖು ಬರೆಯಬೇಕು. ಕೊನೆಗೆ ರೋಗಿಯ ಹೆಬ್ಬೆರಳನ್ನು ಯಂತ್ರದ ಮೇಲೆ ಒತ್ತಿಸಬೇಕು. ಒಂದು ಅಂಕಿ ಹೆಚ್ಚುಕಡಿಮೆಯಾದರೆ ಬಿಲ್ಲು ತಿರುಗಿ ಬರುತ್ತದೆ, ಬರುವಾಗ ಬರಿಗೈಯಲ್ಲಿ ಬರದೆ ನಾಲ್ಕು ಪ್ರಶ್ನೆ ಹೊತ್ತುಕೊಂಡು ಬರುತ್ತದೆ. ಈ ಭಯ ಎಷ್ಟು ಒಳಗಿಳಿದಿದೆಯೆಂದರೆ, ಒಂದು ಮುಂಜಾನೆ ನಾನು ಹಾಲಿನ ಪ್ಯಾಕೆಟ್ಟಿನ ಬ್ಯಾಚ್ ನಂಬರನ್ನು ಗಟ್ಟಿಯಾಗಿ ಓದುತ್ತ ನಿಂತಿದ್ದೆನಂತೆ. ನನ್ನ ಹೆಂಡತಿ ಶೈಲಾ ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತದ ಟೀಚರು. ಅವಳು ನನ್ನ ಕೈಯಿಂದ ಪ್ಯಾಕೆಟ್ಟು ಕಸಿದುಕೊಂಡು, "ಚಹಾಕ್ಕೂ ನನ್ನ ಹೆಬ್ಬೆಟ್ಟು ಬೇಕೇನ್ರಿ?" ಎಂದಳು.

ಹೆಬ್ಬೆಟ್ಟಿನ ಮಾತು ಬಂತು, ಇನ್ನು ಖಾದರಸಾಬರ ವಿಷಯಕ್ಕೆ ಬರಲೇಬೇಕು. ಅವರು ನಮ್ಮ ಓಣಿಯವರು, ಬಟ್ಟೆ ಗಿರಣಿಯಲ್ಲಿ ನೂಲಿನ ಎಳೆ ಹಿಡಿದು ಆಯುಷ್ಯ ಕಳೆದವರು. ಸಣ್ಣವನಿದ್ದಾಗಿನಿಂದ ನಾನು ಅವರನ್ನು ಚಾಚಾ ಎಂದೇ ಕರೆಯುತ್ತೇನೆ. ಅವರಿಗೆ ಸಕ್ಕರೆ ಕಾಯಿಲೆ. ಪ್ರತಿ ತಿಂಗಳು ಕಾರ್ಡು ಹಿಡಿದು ನನ್ನಲ್ಲಿಗೆ ಬರುತ್ತಾರೆ. ನೂಲು ಎಳೆದೆಳೆದು ಅವರ ಬೆರಳಿನ ಗೆರೆಗಳೆಲ್ಲ ಸವೆದುಹೋಗಿವೆ. ಎಡಗೈ ಇಟ್ಟರೂ ಅಷ್ಟೇ, ಬಲಗೈ ಇಟ್ಟರೂ ಅಷ್ಟೇ, ಯಂತ್ರ ಒಪ್ಪುವುದಿಲ್ಲ. "ಮಲ್ಲಣ್ಣಾ, ನಿನ್ನ ಮಷೀನಿಗೆ ನಾ ಮನಷ್ಯಾನ ಅಲ್ಲೇನೋ?" ಎಂದು ಪ್ರತಿ ಸಲ ಕೇಳುತ್ತಾರೆ. ಬೆರಳು ಒಪ್ಪಿಗೆಯಾಗದವರಿಗೆ ಬೇರೆ ದಾರಿಯಿದೆ. ರೋಗಿಯ ಸಹಿ ತೆಗೆದುಕೊಂಡು ಗುಳಿಗೆ ಕೊಡಬಹುದು. ಆಮೇಲೆ ಮೇಲಿನ ಕಚೇರಿಯವರು ರೋಗಿಗೇ ಫೋನ್ ಮಾಡಿ, ಗುಳಿಗೆ ಮುಟ್ಟಿತೇ ಎಂದು ಕೇಳುತ್ತಾರೆ. ರೋಗಿ ಹೌದು ಎಂದರೆ ಮುಗಿಯಿತು. ಹೌದು ಎನ್ನಲು ಯಾರಿಗೆ ಏನು ಕಷ್ಟ ಎಂದುಕೊಂಡು ನಾನು ನಿಶ್ಚಿಂತೆಯಿಂದ ಇದ್ದೆ. ನನ್ನ ಜೀವಮಾನದಲ್ಲಿ ನಾನು ನಿಶ್ಚಿಂತೆಯಿಂದ ಇದ್ದದ್ದು ಅದೊಂದೇ ವಿಷಯದಲ್ಲಿ.

ಚಾಚಾರ ಕಿರಿಯ ಮಗಳು ನಸೀಮಾಳನ್ನು ನೋಡಲು ಗದಗಿನಿಂದ ವರನ ಕಡೆಯವರು ಬಂದಿದ್ದರು. ನಮ್ಮ ಕಡೆ ಸಂಬಂಧ ನೋಡಲು ಬಂದವರು, ಯಾವ ಧರ್ಮದವರೇ ಇರಲಿ, ಮೊದಲು ಚಹಾ ಕುಡಿಯುತ್ತಾರೆ. ಆಮೇಲೆ ಮಳೆ ಬೆಳೆ ಮಾತಾಡುತ್ತಾರೆ. ಆಮೇಲೆ ಸುತ್ತಿ ಬಳಸಿ, ಮನೆಯಲ್ಲಿ ಯಾರಿಗೆ ಏನು ರೋಗವಿದೆ ಎಂಬಲ್ಲಿಗೆ ಬರುತ್ತಾರೆ. ತಂದೆಗೆ ಸಕ್ಕರೆ ಇದೆ ಎಂದರೆ ನಾಳೆ ಮಗಳಿಗೂ ಬರುತ್ತದೆ ಎಂದು ಲೆಕ್ಕ ಹಾಕಿ, "ಊರಿಗೆ ಹೋಗಿ ತಿಳಸ್ತೇವ್ರಿ" ಎಂದು ಎದ್ದುಬಿಡುವವರಿದ್ದಾರೆ. ಸರಿಯಾಗಿ ಆ ಹೊತ್ತಿಗೇ ಚಾಚಾರ ಫೋನ್ ರಿಂಗಾಯಿತು. ಮಗ್ಗದ ಸದ್ದಿನಲ್ಲಿ ಕಿವಿ ಮಂದವಾಗಿರುವ ಚಾಚಾ ಯಾವ ಫೋನನ್ನೂ ಲೌಡ್‌ಸ್ಪೀಕರ್ ಹಚ್ಚದೆ ಮಾತಾಡುವುದಿಲ್ಲ. ಯಾವುದೋ ಹುಡುಗಿಯ ಇಂಪಾದ ಧ್ವನಿ ಬೀಗರ ನಡುವೆ ಮೊಳಗಿತು: "ಖಾದರಸಾಬ್ ಅವರಾ ಸಾರ್? ನೀವು ಸಕ್ಕರೆ ಕಾಯಿಲೆಗೆ ಕಾರ್ಡಲ್ಲಿ ಮಾತ್ರೆ ತಗೊಂಡಿದೀರಲ್ಲ, ಸರಿಯಾಗಿ ಸಿಕ್ತಾ?"

ಕೋಣೆಯಲ್ಲಿ ಎಲ್ಲರೂ ಕಪ್ಪು ಕೆಳಗಿಟ್ಟರಂತೆ. ಚಾಚಾ ಎದ್ದು ನಿಂತು ಗುಡುಗಿದರಂತೆ: "ಯಾವ ಸಕ್ಕರೀರಿ? ಅಲ್ಲಾನ ದಯಾದಿಂದ ನನಗ ಯಾವ ಕಾಯಿಲೀನೂ ಇಲ್ಲ. ಗುಳಿಗಿ ಮಾರಿ ಸೈತ ನೋಡಿಲ್ಲ. ಆ ಅಂಗಡಿ ಎಲ್ಲೈತೋ ನನಗೇನ್ ಗೊತ್ತು!" ಹುಡುಗಿ "ಧನ್ಯವಾದಗಳು ಸಾರ್" ಎಂದು ಫೋನ್ ಇಟ್ಟಳು. ಬೀಗರಿಗೆ ಇನ್ನೂ ಸಂಶಯ ಉಳಿದೀತೆಂದು ಚಾಚಾ ಅವರ ಕಣ್ಣೆದುರೇ ಗುಲಾಬ್ ಜಾಮೂನಿನ ಬೋಗುಣಿಯನ್ನು ಎಳೆದುಕೊಂಡು ತಿನ್ನತೊಡಗಿದರಂತೆ. ಇದನ್ನೆಲ್ಲ ನನಗೆ ಆಮೇಲೆ ಹೇಳಿದವಳು ನಸೀಮಾ.

ನನಗೆ ಮುಟ್ಟಿದ್ದು ನೋಟಿಸು ಮಾತ್ರ. "ಫಲಾನುಭವಿ ಖಾದರಸಾಬ್ ಇವರು ತಾವು ಸದರಿ ಔಷಧವನ್ನು ಪಡೆದಿರುವುದಿಲ್ಲವೆಂದು ತಿಳಿಸಿರುತ್ತಾರೆ. ಈ ಬಗ್ಗೆ ಅಧಿಕಾರಿಗಳು ಖುದ್ದಾಗಿ ತಪಾಸಣೆಗೆ ಬರಲಿದ್ದು, ಸಮರ್ಪಕ ವಿವರಣೆ ನೀಡುವುದು. ತಪ್ಪಿದಲ್ಲಿ ನಿಮ್ಮ ನೋಂದಣಿಯನ್ನು ರದ್ದುಪಡಿಸಿ ಕಾನೂನು ಕ್ರಮ ಜರುಗಿಸಲಾಗುವುದು." ಉಳಿದದ್ದೆಲ್ಲ ಇರಲಿ, ಆ "ತಪ್ಪಿದಲ್ಲಿ" ಎಂಬ ಪದವನ್ನೇ ನಾಲ್ಕು ಸಲ ಓದಿದೆ. ಅಂಗಡಿಯ ಬಾಗಿಲು ಅರ್ಧ ಎಳೆದು ಸ್ಟೂಲಿನ ಮೇಲೆ ಕುಳಿತೆ. ಗುಳಿಗೆ ಕೊಡದೆ ಬಿಲ್ಲು ಮಾಡಿದ ಕಳ್ಳ ಎಂದು ಓಣಿಯ ಜನ ಬೆರಳು ತೋರಿಸುವುದು, ಅಂಗಡಿಗೆ ಸೀಲು ಬೀಳುವುದು, ಜೈಲಿನಲ್ಲಿ ನನ್ನನ್ನು ನೋಡಲು ಶೈಲಾ ಪರೀಕ್ಷೆಯ ಪೇಪರುಗಳ ಕಟ್ಟು ಹಿಡಿದುಕೊಂಡೇ ಬರುವುದು, ಎಲ್ಲವೂ ಕಣ್ಣ ಮುಂದೆ ಬಂದವು.

ಮನೆಗೆ ಹೋಗಿ ಹೇಳಿದರೆ ಶೈಲಾ ಗಣಿತದ ಹಾಗೆಯೇ ಬಿಡಿಸಿದಳು. "ನೀವು ಗುಳಿಗಿ ಕೊಟ್ಟೀರಿ, ಹೌದಿಲ್ಲೋ?"

"ಕೊಟ್ಟೇನಿ."

"ಮತ್ಯಾಕ ಹೆದರಾಕತ್ತೀರಿ?"

"ಕೊಟ್ಟೇನಿ ಅಂತನ ಹೆದರಿಕಿ. ಕೊಡಲಾರದ ಇದ್ದಿದ್ರ ಇಷ್ಟೊತ್ತಿಗೆ ಏನರ ಒಂದು ಸುಳ್ಳು ತಯಾರು ಮಾಡಿ ಇಟ್ಕೊಂಡಿರ್ತಿದ್ದೆ."

ಮರುದಿನ ಚಾಚಾರ ಮನೆಗೆ ಹೋದೆ. ಹಿರಿಯರ ಮನೆಗೆ ಬರಿಗೈಯಲ್ಲಿ ಹೋಗಬಾರದೆಂದು ಒಂದು ಪೊಟ್ಟಣ ಧಾರವಾಡ ಪೇಢೆ ಒಯ್ದೆ. ಸಕ್ಕರೆ ಕಾಯಿಲೆಯವರ ಮನೆಗೆ ಪೇಢೆ! ದಿನಾ ಅದೇ ಗುಳಿಗೆ ಮಾರುವವನಿಗೆ ಇಷ್ಟೂ ಹೊಳೆಯಲಿಲ್ಲ ಎಂದರೆ ನನ್ನ ಹೆದರಿಕೆ ಎಷ್ಟಿತ್ತೆಂದು ನೀವೇ ಊಹಿಸಿ. ಚಾಚಾ ಪೊಟ್ಟಣವನ್ನು ನೋಡಿ, "ನೀನೂ ಪರೀಕ್ಷಾ ಮಾಡಾಕ ಬಂದೀ ಏನೋ ಮಲ್ಲಣ್ಣ?" ಎಂದರು. ನಾನು ನೋಟಿಸಿನ ವಿಷಯ ಹೇಳಿದೆ. ಬೀಗರ ಮುಂದೆ ರೋಗ ಮುಚ್ಚಿಟ್ಟದ್ದನ್ನು ಅವರು ಒಪ್ಪಿಕೊಂಡರು. ಅಧಿಕಾರಿಯ ಮುಂದೆ ಬಂದು ಖರೇ ಹೇಳಿರೆಂದು ಬೇಡಿಕೊಂಡೆ. "ರೋಗಕ್ಕ ಯಾಕ ನಾಚಬೇಕು ಚಾಚಾ? ಅದೇನು ಕಳವು ಮಾಡಿದ್ದೇನ್ರಿ?" ಎಂದು ದೊಡ್ಡ ಮಾತನ್ನೂ ಆಡಿದೆ.

ಚಾಚಾ ನನ್ನ ಕೈ ಹಿಡಿದುಕೊಂಡರು. "ಅಂಗಡ್ಯಾಗ ನಾಕ ಮಂದಿ ಇರ್ತಾರ. ಅಲ್ಲಿ ಹೇಳಿದ್ದು ಸಂಜಿಕ ಗದಗ ಮುಟ್ಟತೈತಿ. ನಿನ್ನ ಅಂಗಡಿ ಹೋದ್ರ ಇನ್ನೊಂದು ಅಂಗಡಿ ತಗೀಬಹುದಪಾ. ನಸೀಮಾನ ಸಂಬಂಧ ತಪ್ಪಿದ್ರ ನಾ ಏನ್ ಮಾಡ್ಲಿ?" ನನಗೆ ಸಿಟ್ಟು ಬಂತು. ಇನ್ನೊಂದು ಅಂಗಡಿ ತೆಗೆಯುವುದು ಅಷ್ಟು ಸಲೀಸೇ ಎಂದು ಕೇಳಬೇಕೆಂದಿದ್ದೆ. ಆದರೆ ಅವರು ಹಿಡಿದ ನನ್ನ ಕೈಯನ್ನು ಬಿಡಲೇ ಇಲ್ಲ. ಅವರನ್ನು ನೋಡಿ ಪಾಪವೆನಿಸಿತು, ನನ್ನನ್ನು ನೆನೆದು ಇನ್ನೂ ಪಾಪವೆನಿಸಿತು. ಪೇಢೆಯ ಪೊಟ್ಟಣವನ್ನು ತಿರುಗಿ ತೆಗೆದುಕೊಂಡು ಬಂದೆ.

ಆಮೇಲಿನ ದಿನಗಳನ್ನು ನಾನು ಬದುಕಿದೆ ಎನ್ನಲಾರೆ. ಬಗಲಲ್ಲಿ ಬ್ಯಾಗು ಹಾಕಿಕೊಂಡ ಯಾರೇ ಓಣಿಯಲ್ಲಿ ಬಂದರೂ ಅಧಿಕಾರಿಯೇ ಎನಿಸುತ್ತಿತ್ತು. ಒಬ್ಬರಿಗಂತೂ ಎದ್ದು ನಿಂತು ಕೈಮುಗಿದು ಎಲ್ಲ ಚೀಟಿಗಳ ಕಟ್ಟನ್ನೂ ಮುಂದಿಟ್ಟೆ. ಅವರು ಕೆಮ್ಮಿನ ಔಷಧ ಕೇಳಲು ಬಂದವರಾಗಿದ್ದರು. ಕಿವಿ ಬಿಸಿಯಾಗಿ, ತಲೆ ತಿರುಗಿ, ಕೊನೆಗೆ ಶೈಲಾ ನನ್ನನ್ನು ಡಾಕ್ಟರಲ್ಲಿಗೆ ಎಳೆದೊಯ್ದಳು. ಅವರು ತೋಳಿಗೆ ಪಟ್ಟಿ ಕಟ್ಟಿ ನೋಡಿ, "ಬಿ.ಪಿ. ಐತ್ರಿ. ಇದು ನಿನ್ನೆ ಮೊನ್ನೇದಲ್ಲ, ಹಳೇದು" ಎಂದು ಗುಳಿಗೆ ಬರೆದರು. ಶೈಲಾಳ ನೌಕರಿಯಿಂದಾಗಿ ಮನೆಯವರಿಗೆಲ್ಲ ಒಂದು ವಿಮೆಯ ಕಾರ್ಡಿದೆ. ಆದರೆ ನನ್ನ ಅಂಗಡಿಯಲ್ಲಿ ನನಗೇ ಬಿಲ್ಲು ಮಾಡಿಕೊಂಡರೆ ಇನ್ನೊಂದು ನೋಟಿಸು ಬಂದೀತು. ಪಕ್ಕದ ಅಂಗಡಿಗೆ ಹೋದರೆ, ಗುಳಿಗೆ ಮಾರುವವನೇ ಗುಳಿಗೆ ನುಂಗುತ್ತಾನೆಂದು ಹಳೇ ಹುಬ್ಬಳ್ಳಿಯೆಲ್ಲ ಸುದ್ದಿಯಾದೀತು. ಅದಕ್ಕೇ ಬಸ್ಸು ಹತ್ತಿ ಧಾರವಾಡದ ಸಪ್ತಾಪುರದಲ್ಲಿ, ನನ್ನ ಪರಿಚಯವಿಲ್ಲದ ಒಬ್ಬ ತರುಣನ ಅಂಗಡಿಗೆ ಹೋದೆ. ಹೆದರಿ ಬೆವೆತಿದ್ದ ನನ್ನ ಹೆಬ್ಬೆರಳನ್ನು ಅವನ ಯಂತ್ರ ಒಪ್ಪಲಿಲ್ಲ. "ಇರ್ಲಿ ಬಿಡ್ರಿ ಸರ, ಸಹಿ ಮಾಡ್ರಿ. ಫೋನ್ ಬಂದ್ರ ಹೌದು ಅಂತ ಒಂದು ಮಾತು ಹೇಳ್ರಿ" ಎಂದ. ಪಾಪ, ಒಳ್ಳೆಯ ಹುಡುಗ.

ತಪಾಸಣೆಯ ದಿನ ಬಂದೇ ಬಂತು. ಬಂದವರು ನಗುಮುಖದ ಒಬ್ಬ ಮೇಡಂ. ನಗುವ ಅಧಿಕಾರಿಗಳನ್ನು ಕಂಡರೆ ನನಗೆ ಇನ್ನೂ ಹೆಚ್ಚು ಹೆದರಿಕೆ. ನನ್ನ ಅಂಗಡಿಯಲ್ಲಿ ನನಗೇ "ಕೂಡ್ರಿ" ಎಂದರು, ಕುಳಿತೆ. ಎಲ್ಲವನ್ನೂ ನೋಡಿ, "ಕಾಗದ ಎಲ್ಲಾ ಸರಿ ಅದಾವ್ರಿ. ಆದ್ರ ರೋಗಿನ ತನಗ ರೋಗ ಇಲ್ಲ ಅಂದ್ರ ನಾ ಏನಂತ ಬರೀಲಿ?" ಎಂದರು. ನಾನು ಚೀಟಿಗಳ ಕಟ್ಟನ್ನು ಮತ್ತೊಮ್ಮೆ ಅವರ ಮುಂದೆ ಸರಿಸಿದೆ. ಆಗ ಬಾಗಿಲಲ್ಲಿ ನಸೀಮಾ ಕಾಣಿಸಿಕೊಂಡಳು. ಅವಳ ಹಿಂದೆ ತಲೆ ತಗ್ಗಿಸಿದ ಚಾಚಾ, ಅವರ ಹಿಂದೆ ನನಗೆ ಗುರುತಿಲ್ಲದ ಒಬ್ಬ ದಪ್ಪನೆಯ ಹಿರಿಯರು.

"ಮೇಡಂ, ನಮ್ಮ ಅಬ್ಬಾಗ ಸಕ್ಕರಿ ಐತ್ರಿ," ಎಂದಳು ನಸೀಮಾ. "ಇವರು ತಿಂಗಳಾ ಗುಳಿಗಿ ಕೊಟ್ಟಾರ. ಅವತ್ತ ಬೀಗರು ಕುಂತಿದ್ರು ಅಂತ ಅಬ್ಬಾ ಸುಳ್ಳ ಹೇಳಿದ್ರು. ಮಲ್ಲಣ್ಣಾರು ಮನೀಗೆ ಬಂದು ಹೇಳಿದ್ದನ್ನ ನಾ ಒಳಗ ನಿಂತು ಕೇಳೇನಿ. ಅದಕ್ಕ ಗದಗಿಗೆ ನಾನ ಫೋನ್ ಮಾಡಿ ಎಲ್ಲಾ ತಿಳಿಸಿದೆ. ಇವರು ಅವರ ಕಡಿಯವರ, ಹುಡುಗನ ತಂದಿ." ಚಾಚಾ ಕಣ್ಣು ಮುಚ್ಚಿಕೊಂಡರು. ಗದಗಿನ ಹಿರಿಯರು ಮುಂದೆ ಬಂದು, "ನಮಗ ಅವತ್ತ ಗೊತ್ತಾತ್ರಿ. ಸಕ್ಕರಿ ಇಲ್ಲದವರು ಯಾರೂ ಹಂಗ ಜಾಮೂನು ತಿನ್ನಂಗಿಲ್ಲ. ನಾನೂ ಬೀಗರ ಮನ್ಯಾಗ ಹಂಗ ತಿಂತೇನಿ," ಎಂದರು. ಮೇಡಂ ಈ ಸಲ ಖರೇ ನಕ್ಕರು. ಚಾಚಾ "ನನಗ ಸಕ್ಕರಿ ಐತಿ" ಎಂದು ಅಂಗಡಿಗೆಲ್ಲ ಕೇಳುವಂತೆ ಹೇಳಿ, ಹೇಳಿಕೆಯ ಕೆಳಗೆ ಸಹಿ ಮಾಡಿದರು. ಸಂಬಂಧ ಉಳಿಯಿತು, ಅಂಗಡಿಯೂ ಉಳಿಯಿತು. ನಸೀಮಾಳ ಧೈರ್ಯದಲ್ಲಿ ಒಂದು ಚಮಚೆಯಷ್ಟು ನನಗಿದ್ದಿದ್ದರೆ ಎಂದು ನನಗೆ ಹೊಟ್ಟೆಕಿಚ್ಚಾಯಿತು.

ಹೆದರಿದವನಿಗೆ ಹೆದರಿಕೆ ಹೋದ ಮೇಲೆ ನಾಲಿಗೆ ಉದ್ದವಾಗುತ್ತದೆ. ಅಂದಿನಿಂದ ಅಂಗಡಿಗೆ ಬಂದವರಿಗೆಲ್ಲ "ರೋಗಕ್ಕ ಯಾಕ ನಾಚಬೇಕು?" ಎಂದು ಉಪದೇಶ ಮಾಡತೊಡಗಿದೆ. ಹೋದ ವಾರ ಸಂಜೆ ಅಂಗಡಿ ತುಂಬ ಜನ. ಚಾಚಾ ಲಗ್ನದ ಕರೆಯೋಲೆ ಕೊಡಲು ಬಂದು ನಿಂತಿದ್ದರು. ನಾನು ಯಾರಿಗೋ ಗುಳಿಗೆ ಕತ್ತರಿಸಿ ಕೊಡುತ್ತ, "ಉಪ್ಪು ಬಿಡ್ರಿ, ಮುಂಜಾನೆ ಅಡ್ಯಾಡ್ರಿ. ನನ್ನ ನೋಡ್ರಿ, ಹೆಂಗದೇನಿ!" ಎನ್ನುತ್ತಿದ್ದೆ. ನನ್ನ ಫೋನ್ ರಿಂಗಾಯಿತು. ಎರಡೂ ಕೈ ಕೆಲಸದಲ್ಲಿದ್ದವು, ಕಿರುಬೆರಳಿನಿಂದ ಸ್ಪೀಕರ್ ಒತ್ತಿದೆ. ಅದೇ ಇಂಪಾದ ಧ್ವನಿಯೋ ಅದರ ತಂಗಿಯೋ ಇರಬೇಕು: "ನಮಸ್ಕಾರ ಸಾರ್, ನೀವು ಬಿ.ಪಿ.ಗೆ ಸಪ್ತಾಪುರದ ಅಂಗಡಿಯಲ್ಲಿ ಕಾರ್ಡ್ ಮೇಲೆ ಮಾತ್ರೆ ತಗೊಂಡಿದೀರಲ್ಲ, ಸರಿಯಾಗಿ ಸಿಕ್ತಾ?"

ಅಂಗಡಿಯಲ್ಲಿದ್ದವರೆಲ್ಲ ನನ್ನ ಮುಖ ನೋಡಿದರು. "ರಾಂಗ್ ನಂಬರ್," ಎಂದೆ. ಅವಳು ನನ್ನ ಹೆಸರನ್ನು, ಅಪ್ಪನ ಹೆಸರಿನ ಸಮೇತ, ನಿಧಾನವಾಗಿ ಓದಿದಳು. "ಆ ಹೆಸರಿನವರು ಹುಬ್ಬಳ್ಳ್ಯಾಗ ಭಾಳ ಮಂದಿ ಅದಾರ್ರಿ. ನಾ ಯಾವ ಗುಳಿಗೀನೂ ತಗೊಂಡಿಲ್ಲ," ಎಂದೆ. "ಧನ್ಯವಾದಗಳು ಸಾರ್," ಎಂದಳು. ಚಾಚಾ ಕರೆಯೋಲೆಯನ್ನು ಕೌಂಟರಿನ ಮೇಲಿಟ್ಟು, ಗಡ್ಡದೊಳಗೆ ನಗುತ್ತ ಹೋದರು.

ನಿನ್ನೆ ಸಪ್ತಾಪುರದ ಆ ತರುಣ ನನ್ನ ವಿಳಾಸ ಹುಡುಕಿಕೊಂಡು ಮನೆಗೇ ಬಂದಿದ್ದ. ಮುಖ ಬಿಳಿಚಿತ್ತು. ಒಂದು ಕೈಯಲ್ಲಿ ನೋಟಿಸು, ಇನ್ನೊಂದರಲ್ಲಿ ನನಗೆಂದು ತಂದ ಅವಲಕ್ಕಿಯ ಖಾರಾ ಚೂಡಾದ ದೊಡ್ಡ ಪೊಟ್ಟಣ. ಬಿ.ಪಿ.ಯವನಿಗೆ ಉಪ್ಪು ಖಾರದ ಚೂಡಾ! "ಸರ, ರೋಗಕ್ಕ ಯಾಕ ನಾಚಬೇಕ್ರಿ?" ಎಂದ. ಆ ಮಾತು ಕೇಳಿ ನನಗೆ ನಿಂತಲ್ಲೇ ನೆಲ ಬಿರಿಯಬಾರದೇ ಎನಿಸಿತು. ಸೋಮವಾರ ಅವನ ಅಂಗಡಿಗೆ ಅಧಿಕಾರಿ ಬರುತ್ತಾರಂತೆ. ನಾನು ಹೋಗಿ, ನನಗೆ ಬಿ.ಪಿ. ಇದೆ ಎಂದು ಎಲ್ಲರ ಮುಂದೆ ಬಾಯಿಬಿಟ್ಟು ಹೇಳಬೇಕು. ಒಬ್ಬನೇ ಹೋಗಲು ಧೈರ್ಯವಾಗದೆ ಖಾದರಸಾಬರನ್ನು ಜೊತೆಗೆ ಬರಲು ಕೇಳಿದೆ.

"ಬರ್ತೇನಪಾ, ಯಾಕ ಬರಂಗಿಲ್ಲ," ಎಂದರು ಚಾಚಾ. "ಆದ್ರ ಬಾಗಲಾಗ ಕಾಲಿಡೂದಕ್ಕ ಬಿ.ಪಿ. ನಿಂದು ಅಂತ ಹೇಳಿಬಿಡ್ಬೇಕು ನೋಡು. ಹೆದರಿ ನನ್ನ ಕಡೆ ಬೆರಳ ಮಾಡೀ ಮತ್ತ! ನನಗ ಸಕ್ಕರಿ ಒಂದ ಐತಿ."