ಭಾಯ್ ಕೊಡದ ಗೆಡ್ಡೆ

ಕುಂಡದಲ್ಲಿ ಡೇಲಿಯಾ ಬೆಳೆಸೋ ಮನುಷ್ಯನ ಮನೆಯಲ್ಲಿ ಒಂದಲ್ಲ ಒಂದು ಎಡವಟ್ಟು ಆಗ್ತಾನೇ ಇರುತ್ತೆ. ಗುಲಾಬಿ ಬೆಳೆಸೋರಿಗೆ ಮುಳ್ಳು ಚುಚ್ಚುತ್ತೆ, ಅಲ್ಲಿಗೆ ಮುಗೀತು. ನಮ್ಮ ಹೂವಿಗೆ ಮುಳ್ಳಿಲ್ಲ, ಆ ಕೆಲಸವನ್ನ ಅಕ್ಕಪಕ್ಕದವರೇ ವಹಿಸ್ಕೊಂಡಿರ್ತಾರೆ.

ನಾನು ಜಾಲಹಳ್ಳಿ ಕಡೆ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ಇನ್ಸ್‌ಪೆಕ್ಟರ್ ಆಗಿದ್ದವನು. ಕೂದಲೆಳೆ ವ್ಯತ್ಯಾಸ ಇದ್ದರೂ ಮಾಲು ವಾಪಸ್ ಕಳಿಸಿ ಕಳಿಸಿ, ರಿಟೈರ್ ಆದ ಮೇಲೆ ಮನೆಯಲ್ಲೂ ಅದೇ ಚಾಳಿ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇದೆ ಅಂತ ಹೆಂಡತಿ ಹೇಳ್ತಾಳೆ. ಹಾಗೇನಿಲ್ಲ. ಹಾಗಂದವರ ಮೇಲೆ ಮಾತ್ರ ಬರುತ್ತೆ.

ಅಮೃತಹಳ್ಳಿಯ ನಮ್ಮ ಮನೆಗೆ ಗೋಡೆಗೆ ಗೋಡೆ ತಾಗಿಕೊಂಡಿರೋದು ಭಾಯ್ ಮನೆ. ನನ್ನ ಜೊತೆಯಲ್ಲೇ ಕೆಲಸ ಮಾಡಿದವರು, ನನಗೆ ಹೂವಿನ ಹುಚ್ಚು ಹಿಡಿಸಿದವರು. ಅವರ ಹತ್ತಿರ ಒಂದು ಡೇಲಿಯಾ ಇತ್ತು. ಕಪ್ಪಿಗೆ ತಿರುಗಿದ ಕೆಂಪು, ಊಟದ ತಟ್ಟೆಯಷ್ಟು ಅಗಲ. ಡೇಲಿಯಾ ಗಿಡದ ಬುಡದಲ್ಲಿ ಗೆಣಸಿನ ಥರದ ಗೆಡ್ಡೆ ಕಟ್ಟುತ್ತೆ, ಮುಂದಿನ ವರ್ಷ ನೆಡೋದು ಅದನ್ನೇ. ಬೇರೆ ಬಣ್ಣದ ಗೆಡ್ಡೆಗಳನ್ನ ಭಾಯ್ ಕೇಳದೆಯೇ ಕೊಡೋರು. ಆ ಕೆಂಪನ್ನು ಮಾತ್ರ ಎಷ್ಟು ಗೋಗರೆದರೂ ಕೊಡಲಿಲ್ಲ.

"ನಿಮಗಾ? ಬೇಡಪ್ಪ! ಹುಳಿಗೆ ಹಾಕ್ಕೊಂಡು ತಿಂದ್ಬಿಡ್ತೀರಾ" ಅಂತ ನಗೋರು.

ಹೋದ ವರ್ಷ ಆ ಹೂ ಬಿಟ್ಟಿದ್ದಾಗಲೇ ಭಾಯ್ ಹೋಗಿಬಿಟ್ಟರು. ಗಿಡಗಳೆಲ್ಲ ಒಣಗಿದ ಮೇಲೆ ಅವರ ಹೆಂಡತಿ, ನಾವು ಆಪಾ ಅಂತ ಕರೆಯೋದು, ಎಲ್ಲ ಕುಂಡದ ಗೆಡ್ಡೆ ಕಿತ್ತು ಒಂದೇ ಚೀಲಕ್ಕೆ ತುಂಬಿ ತಂದುಕೊಟ್ಟರು. "ನನಗೆ ಇದೆಲ್ಲ ಗೊತ್ತಾಗಲ್ಲ ಅಣ್ಣಾ. ನೀವೇ ಹಾಕಿ. ಅವರ ಕೆಂಪು ಹೂ ಇನ್ನೊಂದ್ಸಲ ನೋಡ್ಬೇಕು, ಅಷ್ಟೇ ನನಗೆ."

ಆಯ್ತು ಅಂದೆ. ಆದರೆ ಚೀಲ ಬಿಚ್ಚಿ ನೋಡಿದರೆ, ಎಲ್ಲ ಬಣ್ಣದ್ದೂ ಕಲೆತುಹೋಗಿತ್ತು. ಗೆಡ್ಡೆ ನೋಡಿ ಹೂವಿನ ಬಣ್ಣ ಹೇಳೋಕೆ ಆ ಬ್ರಹ್ಮನಿಂದಲೂ ಆಗಲ್ಲ. ನೆಟ್ಟು, ನೀರು ಹಾಕಿ, ಕಾಯಬೇಕು.

೧. ಹಬ್ಬದ ಗೆಣಸು

ಇನ್ಸ್‌ಪೆಕ್ಟರ್ ಬುದ್ಧಿ ಎಲ್ಲಿ ಹೋಗುತ್ತೆ? ಗೆಡ್ಡೆಗಳನ್ನ ಬಿಡಿಬಿಡಿಯಾಗಿ ಕೊಯ್ದು, ಮಣ್ಣೆಲ್ಲ ಹೋಗೋ ಹಾಗೆ ತೊಳೆದು, ನೆರಳಲ್ಲಿ ಒಣಗಿಸಿದೆ. ಅರ್ಧ ಅಟ್ಟಕ್ಕೆ ಹೋಯ್ತು. ಉಳಿದರ್ಧ, ತಂಪಾಗಿರಲಿ ಅಂತ ಅಡುಗೆಮನೆ ಕಟ್ಟೆಯ ಕೆಳಗೆ ಬುಟ್ಟಿಯಲ್ಲಿಟ್ಟೆ. ಮಾರನೇ ದಿನವೇ ಸಂಕ್ರಾಂತಿ ಅನ್ನೋದು ತಲೆಯಲ್ಲಿರಲಿಲ್ಲ.

ಹಬ್ಬದ ದಿನ ಹೆಂಡತಿ ಎಂದೂ ಇಲ್ಲದ ಖುಷಿಯಲ್ಲಿದ್ದಳು. ಬೆಳಿಗ್ಗೆಯೇ ಎಳ್ಳುಬೆಲ್ಲದ ತಟ್ಟೆ ಹಿಡಿದು ಆಪಾ ಮನೆಗೆ ಹೋಗಿ ಬಂದಳು. ಮಧ್ಯಾಹ್ನ ಅವರೆಕಾಯಿ, ಕಡ್ಲೆಕಾಯಿ, ಗೆಣಸು ಎಲ್ಲ ಬೇಯಿಸಿ ಮುಂದಿಟ್ಟಳು. ನಾನೂ ತಿಂದೆ. ಗೆಣಸು ಯಾಕೋ ಸಪ್ಪೆ ಅನ್ನಿಸ್ತು. ಎರಡನೆಯದರಲ್ಲಿ ನಾರು ಸಿಕ್ಕಿತು. ಮೂರನೆಯದನ್ನ ಬಾಯಿಗಿಡೋ ಮೊದಲು ಅದರ ಕತ್ತು ನೋಡಿದೆ. ನಾನೇ ಚಾಕುವಿನಲ್ಲಿ ಕೊಯ್ದ ಗುರುತು!

"ಲೇ, ಇದೆಲ್ಲಿತ್ತೇ?"

"ನೀವೇ ತಂದು ತೊಳೆದಿಟ್ಟಿದ್ರಲ್ಲ, ಕಟ್ಟೆ ಕೆಳಗೆ. ಇಷ್ಟು ವರ್ಷದಲ್ಲಿ ಒಂದ್ಸಲನಾದ್ರೂ ಹಬ್ಬ ಅಂತ ನೆನಪಿಟ್ಕೊಂಡು ತಂದ್ರಲ್ಲ ಅಂತ ಕಣ್ಣಲ್ಲಿ ನೀರು ಬಂತು ಕಣ್ರೀ."

ನಾನು ತಲೆ ಮೇಲೆ ಕೈ ಹೊತ್ತು ಕೂತೆ. ಭಾಯ್ ಕೆಂಪು ಅಟ್ಟದಲ್ಲಿದೆಯೋ, ನನ್ನ ಹೊಟ್ಟೆಯಲ್ಲಿದೆಯೋ? ವಿಷಯ ತಿಳಿದ ಮೇಲೆ ಅವಳ ಮುಖವೂ ಬಿಳಿಚಿತು. ಏನೋ ಹೇಳೋಕೆ ಬಾಯಿ ತೆಗೆದಳು, ನನ್ನ ಅವತಾರ ನೋಡಿ ನುಂಗಿಕೊಂಡಳು. ಆಮೇಲೆ ಪಾತ್ರೆ ಎತ್ತುತ್ತಾ ಮೆಲ್ಲಗೆ ಅಂದಳು, "ಅದಕ್ಕೇ ಅಷ್ಟು ಸಪ್ಪೆ. ನಾನು, ಇವರಿಗೆ ಗೆಣಸು ಆರಿಸೋಕೂ ಬರಲ್ಲ ಅಂದ್ಕೊಂಡೆ."

೨. ಒಂಬತ್ತನೆಯವರು

ಅಟ್ಟದಲ್ಲಿ ಉಳಿದಿದ್ದನ್ನ ಮಳೆ ಶುರುವಾದಾಗ ನೆಟ್ಟೆ. ಕಾಂಪೌಂಡಿನ ಉದ್ದಕ್ಕೂ ಪಾತಿಯಲ್ಲಿ ಕೆಲವು, ಮೆಟ್ಟಿಲ ಮೇಲೆ ಕುಂಡದಲ್ಲಿ ಕೆಲವು. ಚೆನ್ನಾಗಿ ಚಿಗುರಿ ಮೊಗ್ಗು ಕಟ್ಟಿದವು. ಡೇಲಿಯಾ ತಟ್ಟೆಯಷ್ಟು ಅಗಲ ಬರಬೇಕಾದರೆ ಕೊಂಬೆಗೆ ಒಂದೇ ಮೊಗ್ಗು ಉಳಿಸಿ, ಪಕ್ಕದ್ದೆಲ್ಲ ಚಿವುಟಬೇಕು. ಗೇಟಿನ ಹತ್ತಿರ ಕೂತು ಚಿವುಟ್ತಾ ಇದ್ದೆ.

ಎದುರುಮನೆ ಅಜ್ಜಿ ಬಂದು ನಿಂತರು. ನಮ್ಮ ರಸ್ತೆಯೆಲ್ಲ ಒಂದು ಕಾಲಕ್ಕೆ ಅವರ ಮನೆಯವರ ರಾಗಿ ಹೊಲ. ಈಗ ಬಾಡಿಗೆ ಮನೆಗಳು.

"ಇಂಗ್ಯಾಕಪ್ಪ ಮೊಗ್ಗೆಲ್ಲ ಕಿತ್ತಾಕ್ತಿದ್ದೀಯಾ?"

"ಒಂದನ್ನೇ ಬಿಟ್ಟರೆ ಅದು ದೊಡ್ಡದಾಗುತ್ತೆ ಅಜ್ಜಿ."

ಅಜ್ಜಿ ಸೊಂಟದ ಮೇಲೆ ಕೈ ಇಟ್ಟರು. "ನಮ್ಮತ್ತೆ ಒಂಬತ್ ಮಕ್ಳು ಎತ್ತಿದ್ಲು. ನಮ್ ಯಜಮಾನ್ರೇ ಕೊನೆಯವ್ರು. ಅವಳೂ ನಿನ್ನಂಗೆ ಚಿವುಟಿದ್ರೆ, ಈ ಸೈಟು ನಿಂಗ್ಯಾರಪ್ಪ ಮಾರ್ತಿದ್ರು?"

ನಾನು ನಕ್ಕೆ, ಆದರೆ ಕೈ ಮುಂದಕ್ಕೆ ಹೋಗಲಿಲ್ಲ. ಯಾವ ಮೊಗ್ಗಿನೊಳಗೆ ಭಾಯ್ ಕೆಂಪು ಇದೆಯೋ ಯಾರಿಗೆ ಗೊತ್ತು? ಉಳಿದದ್ದನ್ನ ಹಾಗೇ ಬಿಟ್ಟು ಎದ್ದೆ. ಅಜ್ಜಿ ಮಾತ್ರ ಅವತ್ತಿಂದ ನಮ್ಮ ಗೇಟು ದಾಟುವಾಗಲೆಲ್ಲ ನನ್ನ ಕೈ ಎಲ್ಲಿದೆ ಅಂತ ನೋಡಿಕೊಂಡೇ ಹೋಗ್ತಾರೆ.

೩. ಮರ್ಯಾದೆ ಇಲ್ಲದ ಕಳ್ಳ

ಬೆಳಗಿನ ವಾಕಿಂಗ್‌ಗೆ ಬರೋ ಒಬ್ಬ ಮಹಾನುಭಾವರಿದ್ದಾರೆ. ಕೈಯಲ್ಲಿ ಪ್ಲಾಸ್ಟಿಕ್ ಕವರ್ರು, ಕೊಕ್ಕೆ ಕೋಲು. ಕಂಡವರ ಕಾಂಪೌಂಡಿನ ದಾಸವಾಳ, ಕಣಗಿಲೆ ಎಲ್ಲ ಅವರ ದೇವರಿಗೇ. ಕೇಳಿದರೆ, "ದೇವರಿಗೆ ಕಣ್ರೀ, ನನಗಾ?" ಅಂತಾರೆ. ಮೊದಲ ಡೇಲಿಯಾ ಅರಳಿದ ದಿನದಿಂದ ನಾನು ಕಾವಲು ಕೂತೆ. ಕಾಫಿಯೂ ಗೇಟಿನ ಹತ್ತಿರವೇ.

ಒಂದೊಂದು ಹೂ ಅರಳಿದಾಗಲೂ ಆಪಾ ಬಂದು ನೋಡೋರು. ಗುಲಾಬಿ ಬಣ್ಣದ್ದು ಬಂತು. "ಇದಲ್ಲ ಅಣ್ಣಾ." ಹಳದಿ ಬಂತು. "ಇದೂ ಅಲ್ಲ." ಹೋಗುವಾಗ, "ನಿಮ್ಮ ಕಡೆ ಬಂದೇ ಬರುತ್ತೆ ಬಿಡಿ" ಅಂತ ನನಗೇ ಸಮಾಧಾನ ಹೇಳೋರು. ಅವರು ಹಾಗಂದಾಗಲೆಲ್ಲ ನಾನು ತಿಂದ ಗೆಣಸು ಗಂಟಲಿಗೆ ಬಂದು ನಿಲ್ಲೋದು.

ಒಂದು ಬೆಳಿಗ್ಗೆ ಆ ಮಹಾನುಭಾವರು ಬಂದೇ ಬಂದರು. ಕೊಕ್ಕೆ ಚಾಚಿ ದಾಸವಾಳ ಎಳೆದರು. ಪಕ್ಕದಲ್ಲೇ ಹಳದಿ ಡೇಲಿಯಾ, ಮುಖದಷ್ಟು ಅಗಲ. ಅದನ್ನ ಮುಟ್ಟಲೂ ಇಲ್ಲ! ನನಗೆ ತಡೆಯಲಾಗಲಿಲ್ಲ.

"ಯಾಕ್ರೀ, ಇದು ಕಣ್ಣಿಗೆ ಕಾಣಲಿಲ್ವಾ?"

ಬೆಚ್ಚಿಬಿದ್ದು ತಿರುಗಿದರು. ಹೂವನ್ನೊಮ್ಮೆ ನೋಡಿ, "ಫಾರಿನ್ ಹೂ ಬಿಡಿ, ನಮ್ಮ ದೇವರಿಗೆ ಆಗಲ್ಲ" ಅಂದು ಮುಂದಿನ ಮನೆಗೆ ನಡೆದರು. ನನ್ನ ಸರ್ವೀಸಿನಲ್ಲಿ ಸಾವಿರಾರು ಮಾಲು ರಿಜೆಕ್ಟ್ ಮಾಡಿದ್ದೇನೆ. ಹೂಕಳ್ಳನಿಂದ ರಿಜೆಕ್ಟ್ ಆಗಿದ್ದು ಅದೇ ಮೊದಲು.

೪. ಆಪಾ ಹಿತ್ತಲು

ಕೊನೆಗೆ ಅರಳದೆ ಒಂದೇ ಕುಂಡ ಉಳೀತು. ಅದರ ಮೊಗ್ಗಿನ ತುದಿ ಕಂದು ಬಣ್ಣಕ್ಕಿತ್ತು. ಇದೇ ಇರಬೇಕು ಅಂತ ಹೆಂಡತಿ ದೇವರಿಗೆ ಹರಕೆ ಬೇರೆ ಹೊತ್ತಳು. ಅರಳಿತು. ಬಿಳಿ! ಮಲ್ಲಿಗೆಯಂಥ ಬಿಳಿ.

ಅವತ್ತು ನನಗೆ ತಿಂಡಿ ಸೇರಲಿಲ್ಲ. ಭಾಯ್ ಹೋದ ದಿನ ಕೂಡ ಅಷ್ಟು ಸಂಕಟ ಆಗಿರಲಿಲ್ಲ ಅಂದರೆ ತಪ್ಪು ತಿಳೀಬೇಡಿ. ಆವತ್ತು ಮಾಡೋಕೆ ನೂರು ಕೆಲಸ ಇತ್ತು. ಇವತ್ತು ಇದ್ದದ್ದು ಒಂದೇ, ಪಕ್ಕದ ಮನೆಗೆ ಹೋಗಿ, "ಆಪಾ, ನಿಮ್ಮ ಯಜಮಾನರ ಹೂವನ್ನ ನಾವು ಉಪ್ಪು ಹಾಕಿ ಬೇಯಿಸಿಕೊಂಡು ತಿಂದ್ವಿ" ಅಂತ ಹೇಳೋದು. ಹೆಂಡತಿಯನ್ನೂ ಕರೆದುಕೊಂಡು ಹೊರಟೆ. ಬಾಗಿಲು ತಟ್ಟೋ ಮೊದಲೇ ಆಪಾ ಬಾಗಿಲು ತೆಗೆದರು.

"ನಾನೇ ಕರೆಯೋಕೆ ಬರ್ತಿದ್ದೆ ಅಣ್ಣಾ. ಬನ್ನಿ, ಬೇಗ ಬನ್ನಿ."

ಹಿತ್ತಲಿಗೆ ಕರೆದುಕೊಂಡು ಹೋದರು. ಬಟ್ಟೆ ಒಗೆಯೋ ಕಲ್ಲಿನ ಪಕ್ಕ ಒಂದು ಹಳೇ ಪೇಂಟ್ ಡಬ್ಬ. ಕೋಲಿಗೆ ಬದಲು ಮುರಿದ ಪೊರಕೆ ಕಡ್ಡಿ ಕಟ್ಟಿದ್ದ ಸೊಟ್ಟ ಗಿಡ. ಅದರ ತುದಿಯಲ್ಲಿ ಕಪ್ಪಿಗೆ ತಿರುಗಿದ ಕೆಂಪು, ಊಟದ ತಟ್ಟೆಯಷ್ಟು ಅಗಲ!

ನಾನು ಡಬ್ಬದ ಮುಂದೆ ಕುಕ್ಕರಗಾಲಲ್ಲಿ ಕೂತುಬಿಟ್ಟೆ. ಆಪಾ ಕಣ್ಣೊರೆಸಿಕೊಂಡರು. "ಅವರು ಯಾರಿಗೂ ಕೊಡ್ತಿರಲಿಲ್ಲ. ನೀವು ನೋಡಿ, ನನ್ನ ಪಾಲು ಅಂತ ಒಂದು ಗೆಡ್ಡೆ ವಾಪಸ್ ಕಳಿಸಿದ್ರಿ. ಅದೂ ಹಬ್ಬದ ದಿನ, ಎಳ್ಳುಬೆಲ್ಲ, ಕಬ್ಬಿನ ಜೊತೆ ತಟ್ಟೆಯಲ್ಲಿಟ್ಟು. ಇಷ್ಟು ಮರ್ಯಾದೆಯಿಂದ ಯಾರು ಕೊಡ್ತಾರೆ ಅಣ್ಣಾ?"

ನಾನು ಹೆಂಡತಿ ಕಡೆ ತಿರುಗಿದೆ. ಅವಳು ನೆಲ ನೋಡ್ತಿದ್ದಳು. "ತಟ್ಟೆಗೆ ಒಂದು ಹಸಿ ಗೆಣಸು ಇಟ್ಟಿದ್ದೆ" ಅಂದಳು ಸಣ್ಣ ದನಿಯಲ್ಲಿ. "ಅವರೂ ಬೇಯಿಸಿರ್ತಾರೆ ಅಂತ ಭಯ ಆಗಿ ನಿಮಗೆ ಹೇಳಿರಲಿಲ್ಲ."

"ಬೇಯಿಸೋದಾ?" ಆಪಾ ಹುಬ್ಬು ಗಂಟಿಕ್ಕಿದರು. "ಮದುವೆಯಾದ ಹೊಸದರಲ್ಲಿ ನಾನು ಒಂದ್ಸಲ ಗೊತ್ತಿಲ್ಲದೆ ಸಾರಿಗೆ ಹಾಕಿ, ಅವರ ಹತ್ತಿರ ಬೈಸ್ಕೊಂಡಿದ್ದೀನಿ. ಅವತ್ತಿಂದ ಈ ಗೆಡ್ಡೆ ಗುರುತು ನನಗೆ ಮರೆಯುತ್ತಾ? ಅದ್ಸರಿ, ಅವರೂ ಅಂದ್ರೆ? ಇನ್ಯಾರು ಬೇಯಿಸಿದ್ರು?"

ಹೆಂಡತಿ ಎಲ್ಲ ಹೇಳಿಬಿಟ್ಟಳು. ಬುಟ್ಟಿ, ಹಬ್ಬ, ಸಪ್ಪೆ, ನಾರು, ಒಂದೂ ಬಿಡಲಿಲ್ಲ. ಆಪಾ ಒಗೆಯೋ ಕಲ್ಲಿನ ಮೇಲೆ ಕುಸಿದು ಕೂತು ಸೆರಗು ಬಾಯಿಗಿಟ್ಟುಕೊಂಡರು. ಅಳ್ತಿದ್ದಾರೆ ಅಂತ ನಾನು ಗಾಬರಿಯಾದೆ. ನಗ್ತಿದ್ದರು. ಭಾಯ್ ಹೋದ ಮೇಲೆ ಅವರು ಹಾಗೆ ನಕ್ಕಿದ್ದು ನಾನು ನೋಡಿದ್ದು ಅವತ್ತೇ. ನನಗೂ ನಗು ಬಂತು, ಜೊತೆಗೆ ಕಣ್ಣೂ ತುಂಬಿತು.

ಇದೇ ಒಳ್ಳೆ ಸಮಯ ಅಂತ ಕೇಳಿಯೇ ಬಿಟ್ಟೆ. "ಆಪಾ, ಈ ಸಲ ಗೆಡ್ಡೆ ಕಿತ್ತಾಗ ನನಗೊಂದು ಕೊಡ್ತೀರಾ?"

ಆಪಾ ನಗು ನಿಲ್ಲಿಸಿದರು. ಡಬ್ಬವನ್ನ ಮೆಲ್ಲಗೆ ತಮ್ಮ ಕಡೆಗೆ ಎಳೆದುಕೊಂಡರು.

"ನಿಮಗೆ ಕೊಟ್ಟರೆ ತಿಂದ್ಬಿಡ್ತೀರಾ ಅಂತ ಅವರು ಹೇಳ್ತಾನೇ ಇದ್ರು ಅಣ್ಣಾ. ನಾನು ತಮಾಷೆಗೆ ಹೇಳ್ತಿದ್ದಾರೆ ಅಂದ್ಕೊಂಡಿದ್ದೆ."