ಗರಗಸಕ್ಕೆ ಬಡಿದ ಗರ

ಬಡಗಿ ಮೇಸ್ತ್ರಿಯ ಗರಗಸಕ್ಕೆ ಗರ ಬಡಿದದ್ದು ಅವನ ಭಾಮೈದ ಬಂದ ಮೇಲೆಯೇ. ಎರಡು ದಿನಕ್ಕೆಂದು ಬಂದವನು ತಿಂಗಳಾದರೂ ಮನೆಯ ಒಂದೇ ಒಂದು ಮಂಚಕ್ಕೆ ಫೆವಿಕಾಲ್ ಹಾಕಿದಂತೆ ಅಂಟಿಕೊಂಡಿದ್ದ. ಮಂಚದ ಒಡೆಯ ಮೇಸ್ತ್ರಿ ಮಾತ್ರ ಹಿತ್ತಲಿನ ಶೆಡ್ಡಿನಲ್ಲಿ, ಕೆಲಸದ ಬೆಂಚಿನ ಮೇಲೆ, ಕೀಸುಳಿಗೆ ಕಾದ ಹಲಗೆಯಂತೆ ಮಲಗುತ್ತಿದ್ದ.

ಇನ್ನೊಂದು ಮಂಚ ಮಾಡಿ ಭಾಮೈದನಿಗೆ ಕೊಟ್ಟರೆ ಇವನ ಮಂಚ ಇವನಿಗೆ. ಮರ ಇತ್ತು, ಅಳತೆ ಇತ್ತು, ಆಸೆಯಂತೂ ಹಾಸಿಗೆ ಮೀರಿ ಚಾಚಿತ್ತು. ಆದರೆ ಕರೆಂಟಿನ ಗರಗಸದ ಮೋಟಾರು ಆಗಲೇ ಎರಡು ಸಲ ಸುಟ್ಟು, ವೈಂಡಿಂಗ್ ಮಾಡಿಸಿಕೊಂಡು ಬಂದಿತ್ತು. ಇವತ್ತು ಬೆಳಿಗ್ಗೆ ಸ್ವಿಚ್ ಒತ್ತಿದರೆ "ರೊಂಯ್ಯ್ಯ್" ಎಂದು ಗಾಯಕನಂತೆ ಶುರುವಾದದ್ದು "ರೊಂ... ರೋ... ಗೊಕ್" ಎಂದು ಮುದುಕನ ಕೆಮ್ಮಿಗಿಳಿದು, ಸುಟ್ಟ ವಾಸನೆ ಬಿಟ್ಟಿತು. ಮೇಸ್ತ್ರಿ ಹಾರಿ ಹೋಗಿ ಆರಿಸಿದ.

"ಇವತ್ತು ಇದರ ಕಾಯಿಲೆ ಕಂಡುಹಿಡಿದೇ ಸಿದ್ಧ! ರಾತ್ರಿ ನಾನು ಮಲಗೋದು ಮಂಚದ ಮೇಲೇ!"

ಆ ಶಪಥಕ್ಕೆ ಮೊದಲು ಓಡಿಬಂದವರು ಪಕ್ಕದ ಮನೆಯ ರಿಟೈರ್ಡ್ ಲೈನ್‌ಮನ್ ತಾತ. ಕಿವಿಯ ಮೇಲೆ ಪೆನ್ಸಿಲಿನಂತೆ ಟೆಸ್ಟರು.

"ವೋಲ್ಟೇಜು ಕಮ್ಮಿ ಕಣೋ. ಜೀವಮಾನವೆಲ್ಲ ಕಂಬ ಹತ್ತಿದೋನು ಹೇಳ್ತಿದೀನಿ."

"ಮೀಟರ್ ಹಚ್ಚಿ ನೋಡ್ದೆ ತಾತ, ಸರಿಯಾಗೇ ಇದೆ."

"ಮೀಟರು ಸುಳ್ಳು ಹೇಳುತ್ತೆ, ನನ್ನ ಮೊಣಕಾಲು ಹೇಳಲ್ಲ," ಎಂದ ತಾತ ಮನೆಯ ಫ್ಯೂಸನ್ನೇ ಕಿತ್ತು ಕೊಳಲಿನಂತೆ ಊದತೊಡಗಿದರು.

ಅಡುಗೆಮನೆಯಲ್ಲಿ ಮಿಕ್ಸಿ ನಿಂತಿತು. ಹೆಂಡತಿ ಸೌಟು ಹಿಡಿದೇ ಬಂದಳು. ಫ್ಯಾನು ನಿಂತಿತು, ಭಾಮೈದ ಬೆವರುತ್ತಾ ಬಂದ. ದಾರಿಯಲ್ಲಿ ನಿದ್ದೆ ಸಿಕ್ಕರೆ ಬಿಡಬಾರದೆಂದು ದಿಂಬು ಕಂಕುಳಲ್ಲೇ ಇತ್ತು.

"ಏನ್ ಭಾವ, ಮತ್ತೆ ಕೈ ಕೊಡ್ತಾ? ಛೆ ಛೆ! ಪರವಾಗಿಲ್ಲ ಬಿಡಿ, ನನಗೇನೂ ಅವಸರ ಇಲ್ಲ."

ಮೇಸ್ತ್ರಿ ಹಲ್ಲು ಕಡಿದ ಸದ್ದಿಗೆ ಒಂದು ತುಂಡು ಮರ ಕೊಯ್ಯಬಹುದಿತ್ತು. ಅಷ್ಟರಲ್ಲಿ ಎದುರುಮನೆಯ ಟೈಲರಮ್ಮ ಎಣ್ಣೆ ಡಬ್ಬಿಯೊಂದಿಗೆ ಹಾಜರು.

"ಎಣ್ಣೆ ಕಾಣಿಸಿಲ್ಲ ನೀವು ಇದಕ್ಕೆ, ಅದೇ ಸಿಟ್ಟು. ನನ್ನ ಮಷೀನು ನೋಡಿ, ಎರಡು ತೊಟ್ಟು ಬಿಟ್ರೆ ಹಾಡ್ಕೊಂಡು ಹೊಲಿಯುತ್ತೆ."

"ಅಯ್ಯೋ ಬೇಡ ಅಮ್ಮಾ, ಇದು ಹೊಲಿಯೋ..."

ಅವನು ಮುಗಿಸುವ ಮೊದಲೇ ಎಣ್ಣೆ ಮೋಟಾರಿನ ಗಾಳಿಕಿಂಡಿಗೆ ಬಿತ್ತು. ಆದರೆ ಒಳಗಿಳಿಯಲಿಲ್ಲ. ಕಿಂಡಿಯ ಬಾಯಲ್ಲೇ ನಿಂತು, ಯಾರೋ ಒಳಗಿಂದ ಹೀರಿಕೊಂಡಂತೆ ಮೆಲ್ಲಗೆ ಮಾಯವಾಯಿತು.

ಮೇಸ್ತ್ರಿಯ ಕಣ್ಣು ಅರಳಿತು. ಸ್ಕ್ರೂಡ್ರೈವರ್ ತಂದ, ಮುಚ್ಚಳ ಬಿಚ್ಚಿದ. ಒಳಗಿನ ಫ್ಯಾನಿಗೆ ಬಿಳಿಗಡ್ಡ ಬಂದಿತ್ತು! ಎಳೆದ, ಎಳೆದ, ಮುಷ್ಟಿ ತುಂಬ ಬಂತು.

"ಮರದ ಹೊಟ್ಟು ಕಂದು. ಇದು ಬೆಳ್ಳಗಿದೆ. ಇದು ಹತ್ತಿ! ಫ್ಯಾನು ಗಾಳಿ ಎಳೆಯೋವಾಗ ಇದನ್ನೂ ಎಳೆದಿದೆ. ಉಸಿರು ಕಟ್ಟಿ, ಕಾದು ಕಾದು, ಮೋಟಾರು ಸುಟ್ಟಿದೆ!" ಮೇಸ್ತ್ರಿ ಎದೆಯುಬ್ಬಿಸಿ, ವಕೀಲರಂತೆ ಗಂಟಲು ಸರಿಮಾಡಿಕೊಂಡು, ಭಾಮೈದನ ಕಂಕುಳಿನತ್ತ ಬೆರಳು ತೋರಿದ. "ಗರಗಸದ ಸದ್ದಿಗೆ ಯಾರ ಮಧ್ಯಾಹ್ನದ ನಿದ್ದೆ ಕೆಡುತ್ತೋ, ಅವರದೇ ಈ ಕೈವಾಡ!"

"ಭಾವ! ನಾನಾ?"

"ಎಲ್ಲರೂ ಕೇಳಿ! ಈ ಹತ್ತಿ ಯಾರ ತಲೆ ಕೆಳಗಿಂದ ಬಂದಿದೆಯೋ, ಅವರು ಇನ್ನೊಂದು ತಿಂಗಳು ಈ ಬೆಂಚಿನ ಮೇಲೇ ಮಲಗಬೇಕು. ಹೊಸ ಮಂಚ ಮುಗಿದ್ರೂ ಸರಿ, ಕನಿಕರ ಇಲ್ಲ! ಒಪ್ಪಿಗೆನಾ?"

"ಒಪ್ಪಿಗೆ," ಎಂದ ಭಾಮೈದ. "ಸಾಕ್ಷಿ ನಾವು," ಎಂದರು ತಾತ, ಟೈಲರಮ್ಮ.

ಟೈಲರಮ್ಮ ಭಾಮೈದನ ದಿಂಬಿನ ಗವಸು ಬಿಚ್ಚಿದರು. ಒಳಗೆ ಹಳದಿ ಫೋಮು. ಹಾಸಿಗೆ ನೋಡಿಬಂದ ತಾತ ಸಾರಿದರು, "ಅದೂ ಫೋಮೇ."

"ಹಾಗಾದ್ರೆ ಹತ್ತಿ ಎಲ್ಲಿಂದ ಬಂತು?" ಮೇಸ್ತ್ರಿ ಗುಡುಗಿದ.

"ರೀ," ಎಂದಳು ಹೆಂಡತಿ. ಬಗ್ಗಿ ಮೋಟಾರಿನ ಹಿಂದೆ ಕೈ ಹಾಕಿ, ಹಿಂಬದಿಯ ಕಿಂಡಿಗೆ ಒತ್ತಿಕೊಂಡಿದ್ದ ಒಂದು ದಿಂಬನ್ನು ಎಳೆದಳು. ಹೊಲಿಗೆ ಬಿಟ್ಟು, ಹಪ್ಪಳದಷ್ಟು ತೆಳ್ಳಗಾಗಿತ್ತು. "ಬೆಳಿಗ್ಗೆ ಎದ್ದು ದಿಂಬು ಒಳಗೆ ತಂದಿಡಿ ಅಂದ್ರೆ, ಇಲ್ಲಿ ತುರುಕ್ತಿದ್ರಾ?"

ಭಾಮೈದನತ್ತ ಚಾಚಿದ್ದ ಮೇಸ್ತ್ರಿಯ ಬೆರಳು ಮೆಲ್ಲಗೆ ಹಿಂದಿರುಗಿ ತನ್ನದೇ ತಲೆ ಕೆರೆಯಿತು.

ಆದರೂ ಫ್ಯೂಸು ಹಾಕಿ, ಎಣ್ಣೆ ಒರೆಸಿ, ಸ್ವಿಚ್ ಒತ್ತಿದಾಗ "ರೊಂಯ್ಯ್ಯ್ಯ್!" ಎಂದು ಗರಗಸ ಓಣಿಯೇ ಅದುರುವಂತೆ ಹಾಡಿತು. ತಾತ ಚಪ್ಪಾಳೆ ತಟ್ಟಿದರು. ಟೈಲರಮ್ಮ ಶಿಳ್ಳೆ ಹಾಕಿದರು. ಮೋಟಾರು ಅಂಗಡಿಯವನಿಗೇ ಹೊಳೆಯದ್ದನ್ನು ಕಂಡುಹಿಡಿದ ಮೇಸ್ತ್ರಿ, ಗೆದ್ದ ಪೈಲ್ವಾನನಂತೆ ಸಂಜೆಯೊಳಗೆ ಮಂಚ ಮುಗಿಸಿದ. ಎಂಥ ಮಂಚ! ಕುಣಿದರೂ ಕಿರ್ ಎನ್ನದು. ಎಲ್ಲರೂ ಸೇರಿ ಮೆರವಣಿಗೆಯಲ್ಲಿ ಹೊತ್ತು ಒಳಗಿಟ್ಟರು.

"ನನ್ನ ಹಳೇ ಮಂಚ..." ಎಂದು ಮೇಸ್ತ್ರಿ ಮೆಲ್ಲಗೆ ಶುರುಮಾಡಿದ.

"ತೀರ್ಪು ಅಂದ್ರೆ ತೀರ್ಪು ಕಣಯ್ಯಾ," ಎಂದರು ತಾತ. "ಕೋರ್ಟಲ್ಲೂ ಇಷ್ಟು ಬೇಗ ಆಗಲ್ಲ."

ಭಾಮೈದ ಎರಡೂ ಮಂಚಗಳನ್ನು ಒಟ್ಟಿಗೆ ಜೋಡಿಸಿ, ಈ ತುದಿಯಿಂದ ಆ ತುದಿಗೆ ಒಂದು ಸಲ ಉರುಳಿ ನೋಡಿದ.

"ಭಾವ, ನಿಮ್ಮ ಕೈಗೆ ಚಿನ್ನದ ಬಳೆ ತೊಡಿಸ್ಬೇಕು! ಇಷ್ಟು ದಿನ ಹೊರಳೋಕೆ ಜಾಗ ಇಲ್ದೆ ಊರಿಗೆ ಹೋಗಿಬಿಡೋಣ ಅಂತಿದ್ದೆ. ಇನ್ನು ಆ ಯೋಚನೆ ಇಲ್ಲ!"