ಐತವಾರದ ಆಡಿನ ಮರಿ

ತಪ್ಪೆಲ್ಲ ಅಬ್ದುಲಗನಿಯ ಒಂದು ಮಾತಿನದು.

"ಮಾಲತೇಶಪ್ಪ, ಹುಡುಗಿಗೆ ಒಂದು ಆಡಿನ ಮರಿ ತಂದಕೊಡು. ಅದನ್ನ ಬಿಟ್ಟು ರೋಣಕ್ಕ ಹ್ಯಾಂಗ ಹೊಕ್ಕಾಳ ನೋಡೂಣು!"

ಜಕ್ಕಲಿಯಲ್ಲಿ ಅಬ್ದುಲಗನಿ ಮಾಲತೇಶನ ಪಕ್ಕದ ಮನೆಯವನು. ಒಂದು ಟ್ರ್ಯಾಕ್ಟರ್ ಇಟ್ಟಿದ್ದ, ಟ್ರೇಲರ್ ತುಂಬ ಸಲಹೆ ಇಟ್ಟಿದ್ದ. ಮಾಲತೇಶ, ದೇವಿಕಾ ಬೇರೆಯಾಗಿ ವರ್ಷವಾಗಿತ್ತು. ಮಗಳು ನೀಲವ್ವ ರೋಣದಲ್ಲಿ ತಾಯಿಯ ಹತ್ತಿರ ಇರಬೇಕು, ತಂದೆ ಖರ್ಚು ಕೊಡಬೇಕು, ಐತವಾರ ಅವಳು ತಂದೆಯ ಮನೆಗೆ ಬರಬೇಕು ಎಂದು ಕೋರ್ಟು ಹೇಳಿತ್ತು. ಮುಂದಿನ ತಾರೀಖಿಗೆ ಜಡ್ಜ್ ಸಾಹೇಬರು ಹುಡುಗಿಯನ್ನೇ ಕೇಳುವವರಿದ್ದರು. "ಅಪ್ಪನ ಮನ್ಯಾಗ ಇನ್ನಷ್ಟ ದಿನ ಇರತೇನಿ" ಎಂದು ಅವಳು ಅಂದರೆ ಸಾಕು ಎಂಬುದೊಂದೇ ಮಾಲತೇಶನ ಆಸೆ.

ವಕೀಲರು ಬಿಡಿಸಿ ಹೇಳಿದ್ದರು: "ಖರ್ಚು ಕೂಸಿನ ಹಕ್ಕು. ಕೊಟ್ಟಿ ಅಂತ ಕೂಸು ನಿಂದಾಗೂದಿಲ್ಲ, ಕೂಸು ನಿನ್ನ ಹತ್ರ ಇಲ್ಲಂತ ನಿಲ್ಲಸಾಕೂ ಬರೂದಿಲ್ಲ. ಕೋರ್ಟು ನೋಡೂದು ಕೂಸಿಗೆ ಯಾವುದು ಚಲೋ ಅನ್ನೂದಷ್ಟ." ಮಾಲತೇಶ ಗೋಣು ಹಾಕಿದ್ದ. ಪಕ್ಕದ ಬೆಂಚಿನ ಮೇಲೆ ನೀಲವ್ವ ಕಾಲು ಅಲ್ಲಾಡಿಸುತ್ತ ಕೂತಿದ್ದಳು.

ಆ ಐತವಾರ ಮುಂಜಾನೆ ಅವನು ಹಿಂದಿನ ಓಣಿಯಲ್ಲಿ ಆಡು ಸಾಕುವ ಅಡಿವೆವ್ವನ ಹಟ್ಟಿಯಿಂದ ಮರಿಯನ್ನು ಸೈಕಲ್ಲಿನ ಮೇಲೆ ತಂದ. ನೀಲವ್ವ ಅದನ್ನು ಅಪ್ಪಿಕೊಂಡು ಕುಣಿದಳು. ಮಧ್ಯಾಹ್ನದ ಹೊತ್ತಿಗೆ ಮರಿ ಬಾಯಿ ತೆರೆಯಿತು, ಮತ್ತೆ ಮುಚ್ಚಲಿಲ್ಲ. ಬಾಟಲಿ ಹಾಲು ಒಲ್ಲೆಂದಿತು, ಬೆಲ್ಲದ ನೀರು ಒಲ್ಲೆಂದಿತು.

"ದೃಷ್ಟಿ ಆಗೇತಿ," ಎಂದು ಎದುರು ಮನೆಯ ಮಾನವ್ವ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಓಣಿಗೆ ಓಣಿಯೇ ಕೆಮ್ಮಿತು. ಮರಿ ಮಾತ್ರ ಕೆಮ್ಮದೆ, ಮೊದಲಿಗಿಂತ ಜೋರಾಗಿ ಅರಚಿತು.

ಸದ್ದಿಗೆ ಅಡಿವೆವ್ವನೇ ಓಡಿಬಂದಳು. "ಮೊಲಿ ಬಿಡದ ಮರಿ ಅಂತ ಹೇಳಿದ್ನಲ್ಲೋ ಹುಚ್ಚಪ್ಪ! ತಾಯಿನ್ನ ಬಿಟ್ಟು ಹ್ಯಾಂಗ ಇದ್ದೀತು?"

"ಹಂಗಾರ ತಾಯೀನೂ ಕೊಡು."

ಅಡಿವೆವ್ವ ಸೈಕಲ್ಲಿನ ಕಡೆ ನೋಡಿದಳು. ಸ್ವಲ್ಪ ಹೊತ್ತಿಗೆ ಸೈಕಲ್ಲು ಅತ್ತ ಹೋಯಿತು, ಆಡು ಇತ್ತ ಬಂತು.

ಮರಿ ಸುಮ್ಮನಾಯಿತು. "ಅಪ್ಪಾ, ನಾ ಇದನ್ನ ಬಿಟ್ಟು ಹೋಗಂಗಿಲ್ಲ," ಎಂದಳು ನೀಲವ್ವ. ಮಾಲತೇಶನ ಎದೆ ಹೆಂಚಿನ ಮೇಲಿನ ರೊಟ್ಟಿಯಂತೆ ಉಬ್ಬಿತು. ಅಬ್ದುಲಗನಿ ಗೋಡೆಯಾಚೆಯಿಂದ ಕಣ್ಣು ಹೊಡೆದ.

ಸಂಜೆಯ ಬಸ್ಸಿಗೆ ದೇವಿಕಾ ಬಂದಳು. ವರ್ಷದಿಂದ ಅವಳು ಗಂಡನ ಜೊತೆ ನೇರವಾಗಿ ಮಾತಾಡಿರಲಿಲ್ಲ. "ಮಾನವ್ವ, ಹುಡುಗಿನ್ನ ಲಗೂ ಕಳಸಂತ ಅವರಿಗೆ ಹೇಳ್ರಿ."

"ನಂದೇನೈತಿ? ಹುಡುಗಿನ್ನ ಕೇಳಂತ ಹೇಳು," ಎಂದ ಮಾಲತೇಶ, ಎರಡು ಮಾರು ದೂರದಿಂದ.

ನೀಲವ್ವ ಕಟ್ಟೆ ಹತ್ತಿ ನಿಂತಳು.

"ಮರಿ ಸಣ್ಣದೈತಿ, ಅದರವ್ವನ ಕೂಡ ಇರಬೇಕು. ನಾನೂ ಸಣ್ಣಾಕಿ, ನಮ್ಮವ್ವನ ಕೂಡ ಇರತೇನಿ. ಮರಿ ಬಿಟ್ಟು ನಾ ಇರೂದಿಲ್ಲ. ಅದಕ್ಕ ಎಲ್ಲಾರೂ ರೋಣಕ್ಕ ಹೋಗತೇವಿ."

"ಮತ್ತ ನಾನು?"

"ನೀ ಮೇವು ಕೊಡು. ಪ್ರತೀ ಬುಧವಾರ ತರಬೇಕು. ಮರಿ ನಿನ್ನ ಹತ್ರ ಇಲ್ಲಂತ ನಿಲ್ಲಸಂಗಿಲ್ಲ. ಅದು ಮರಿ ಹಕ್ಕು!"

"ನ್ಯಾಯ ಅಂದ್ರ ಇದು ನೋಡ್ರಿ!" ಎಂದು ಅಬ್ದುಲಗನಿ ಟ್ರ್ಯಾಕ್ಟರ್ ಶುರು ಮಾಡಿದ. ಅವನು ರೋಣಕ್ಕೇ ಹೊರಟಿದ್ದ.

"ಲೇ, ನೀ ಯಾರ ಕಡೀಯಾಂವ?"

"ನಾ ಮರಿ ಕಡೀಯಾಂವ."

ಟ್ರೇಲರಿನಲ್ಲಿ ಆಡು, ಮರಿ, ಮಗಳು. ಅವರ ಪಕ್ಕ ಹತ್ತಿ ಕೂತ ದೇವಿಕಾ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು, ಆದರೂ ನಗು ತಡೆಯಲಿಲ್ಲ. ಮಾನವ್ವನನ್ನು ದಾಟಿ ಅವಳ ಕಣ್ಣು ಮಾಲತೇಶನ ಮೇಲೆ ನಿಂತಿತು.

"ಹಸೀ ಮೇವು ತರ್ರಿ. ಬುಧವಾರ ಊಟಾ ಅಲ್ಲೇ ಆಗಲಿ."

ಟ್ರ್ಯಾಕ್ಟರಿನ ಧೂಳು ಇಳಿಯಿತು. ಮಗಳಿಲ್ಲ, ಆಡಿಲ್ಲ, ಸೈಕಲ್ಲೂ ಇಲ್ಲ. ಮಾಲತೇಶ ಎದುರು ಮನೆಯ ಕಡೆ ತಿರುಗಿದ.

"ಮಾನವ್ವ, ನಿನ್ನ ಕುಡಗೋಲು ಕೊಡು. ಮೇವು ಕೊಯ್ಯಬೇಕು."

"ಬುಧವಾರಕ್ಕ ಇನ್ನಾ ಮೂರ ದಿನ ಐತಲ್ಲೋ!"

"ನಡಕೋತ ಹೋಗಬೇಕಲ್ಲ," ಎಂದ ಮಾಲತೇಶ.